ತಿಂಗಳೂರಿನ ಬಡಿಸುವ ಗುಂಡಿ

ಕುಲುಮೆಯ ಕೆಲಸ ಮುಗಿಸಿ ಬಂದವನೊಬ್ಬ ಉದ್ದನೆಯ ಮೇಜಿನ ಮುಂದೆ ಕೂತು, ತಾಟಿನ ಪಕ್ಕದ ಗಾಜಿನ ಫಲಕದಲ್ಲಿದ್ದ ಗುಂಡಿಯ ಮೇಲೆ ಹೆಬ್ಬೆರಳು ಇಟ್ಟ. ಫಲಕದಲ್ಲಿದ್ದ ಸೊನ್ನೆ ಒಂದಾಯಿತು. ಮೇಲಿನ ನಳಿಗೆಯಿಂದ ಒಂದು ಸೌಟು ಸಾರು, ಅವಸರವೇ ಇಲ್ಲದ ನೆಂಟನ ಹಾಗೆ, ನಿಧಾನವಾಗಿ ಇಳಿದು ತಾಟು ಸೇರಿತು. ಆತ ಬೆರಳು ಎತ್ತಲಿಲ್ಲ. ಗುಂಡಿ ಒಂದು ಗಳಿಗೆ ಕಾದು ನೋಡಿತು. ಆಮೇಲೆ ಒಂದು ಎರಡಾಯಿತು, ಎರಡು ಮೂರಾಯಿತು, ನಾಲ್ಕು ಐದು ಎಂದು ಅಂಕಿ ಓಡತೊಡಗಿತು. ಅಂಕಿ ಏರಿದ ಹಾಗೆ ಸಾರೂ ಇಳಿಯಿತು. ಆತ ಬೆರಳೆತ್ತಿದ. ಅಂಕಿಯೂ ನಿಂತಿತು, ಸಾರೂ ನಿಂತಿತು. ಉಂಡು, ಬಾಯಿ ಒರೆಸಿಕೊಂಡು, ಯಾರ ಮುಖವನ್ನೂ ನೋಡದೆ ಎದ್ದು ಹೋದ. ತಾಟಿನಲ್ಲಿ ಒಂದು ಹನಿಯೂ ಉಳಿದಿರಲಿಲ್ಲ.

ತಿಂಗಳೂರು ಎಂದರೆ ಚಂದ್ರನ ನೆಲದೊಳಗೆ ಕೊರೆದು ಕಟ್ಟಿದ ಊರು. ಅಲ್ಲಿಯ ಮಣ್ಣನ್ನು ಕರಗಿಸಿ ಗಾಜು ಎಳೆಯುವ ಕುಲುಮೆಗಳು ಆರುವುದೇ ಇಲ್ಲ. ಜನ ಪಾಳಿಯ ಮೇಲೆ ದುಡಿಯುತ್ತಾರೆ, ಪಾಳಿಯ ಮೇಲೆ ಮಲಗುತ್ತಾರೆ, ಪಾಳಿಯ ಮೇಲೆ ಉಣ್ಣುತ್ತಾರೆ. ಗದಗ, ಹಾವೇರಿ, ಧಾರವಾಡದ ಕಡೆಯಿಂದ ಹೋದವರೇ ಅಲ್ಲಿ ಹೆಚ್ಚು. ಅವರಿಗೆಲ್ಲ ಅಡುಗೆ ಮಾಡುವಾಕೆ ಫಕೀರವ್ವ. ತಬ್ಬಲಿ ಮೊಮ್ಮಗ ಶಿವಪುತ್ರನನ್ನು ಸೊಂಟದ ಮೇಲೆ ಕೂರಿಸಿಕೊಂಡು, ಒಂದು ಕೈಯಲ್ಲಿ ರೊಟ್ಟಿಯ ಹಂಚು ಹಿಡಿದು ಚಂದ್ರನ ಮೇಲೆ ಇಳಿದವಳು. ಈಗ ಶಿವಪುತ್ರನೇ ಕುಲುಮೆಯ ಮುಂದೆ ನಿಂತು ಗಾಜು ಎಳೆಯುತ್ತಾನೆ.

ಬಂದ ಹೊಸದರಲ್ಲಿ ಫಕೀರವ್ವ ಭೂಮಿಯಲ್ಲಿ ಬಡಿಸುತ್ತಿದ್ದ ಹಾಗೆಯೇ ಬಡಿಸಲು ಹೋಗಿದ್ದಳು. ಚಂದ್ರನಲ್ಲಿ ಎಲ್ಲದರ ತೂಕವೂ ಭೂಮಿಯ ಆರರಲ್ಲಿ ಒಂದು ಪಾಲು. ಸೌಟಿನಲ್ಲಿ ಸಾರು ಮೊಗೆದು, ರೂಢಿಯಂತೆ ಕೈ ಬೀಸಿದಳು ನೋಡಿ, ಸಾರು ತಾಟಿಗೆ ಬೀಳದೆ ಮೇಲಕ್ಕೆ ಹೋಯಿತು. ಚಾವಣಿಗೆ ಮುಟ್ಟಿ, ಅಲ್ಲಿ ಸ್ವಲ್ಪ ಯೋಚನೆ ಮಾಡಿ, ಊರಿನ ಮೇಲ್ವಿಚಾರಕರ ಬೋಳುತಲೆಯ ಮೇಲೆ ಒಗ್ಗರಣೆ ಸಮೇತ ಇಳಿಯಿತು. ಆ ದಿನವೇ ಮೇಲ್ವಿಚಾರಕರು ಭೂಮಿಗೆ ಸುದ್ದಿ ಕಳಿಸಿ, ಬಡಿಸುವುದಕ್ಕೆ ಯಂತ್ರ ಬೇಕು ಎಂದರು. ಯಂತ್ರ ಮಾಡಲು ಬಂದವರು ಮೈಸೂರಿನ ಡಾಕ್ಟರ್ ವೈಜಯಂತಿ. ಯಂತ್ರ ಆದ ಮೇಲೂ ಅವರು ಹಿಂದಿರುಗಲಿಲ್ಲ. ಊರಿನ ಗಾಳಿಯ ಯಂತ್ರ, ನೀರಿನ ಯಂತ್ರ, ಎಲ್ಲಕ್ಕೂ ಅವರೇ ಬೇಕಾಗಿ ಉಳಿದರು.

ಗುಂಡಿಯ ಒಳಗುಟ್ಟನ್ನು ವೈಜಯಂತಿ ಫಕೀರವ್ವನಿಗೆ ಬಿಡಿಸಿ ಹೇಳಿದ್ದರು. ಅದರ ಹೆಸರು ಒತ್ತಿಹಿಡಿ ಗುಂಡಿ. ಅದರ ಹಿಂದೆ ಒಬ್ಬ ಕಾವಲುಗಾರ ಇದ್ದಾನೆ ಎಂದುಕೊಳ್ಳಬೇಕು. ಬೆರಳು ತಗುಲಿದ ಕೂಡಲೇ ಅವನು ಅಂಕಿಗೆ ಒಂದು ಕೂಡಿಸುತ್ತಾನೆ. ಆಮೇಲೆ ತುಸು ತಡೆಯುತ್ತಾನೆ. ಯಾಕೆಂದರೆ ಒಂದೇ ಸೌಟು ಬೇಕಾದವನಿಗೆ ಬೆರಳೆತ್ತಲು ಸಮಯ ಬೇಕು. ಆಗಲೂ ಬೆರಳು ಅಲ್ಲೇ ಇದ್ದರೆ ಇವನಿಗೆ ಹಸಿವು ಜೋರಿದೆ ಎಂದು ತಿಳಿದು ಮತ್ತೊಂದು, ಮಗದೊಂದು ಕೂಡಿಸುತ್ತ ಹೋಗುತ್ತಾನೆ. ಇದಕ್ಕೆ ಅವರು ಮರುಬಡಿತ ಎಂದು ಹೆಸರಿಟ್ಟಿದ್ದರು. ಹಿಡಿದಷ್ಟೂ ಹೊತ್ತು ಮರುಬಡಿತದ ವೇಗ ಹೆಚ್ಚುತ್ತದೆ, ಚಕ್ಕಡಿಯ ಎತ್ತು ಮೊದಲು ನಡೆದು ಆಮೇಲೆ ಓಡುವ ಹಾಗೆ. ಬೆರಳು ಎದ್ದಾಗ ಕಾವಲುಗಾರನಿಗೆ ಸುದ್ದಿ ಮುಟ್ಟಿ ಎಲ್ಲ ನಿಲ್ಲುತ್ತದೆ.

ಕೂಡಿಸುವ ಗುಂಡಿಯ ಪಕ್ಕದಲ್ಲಿ ಕಳೆಯುವ ಗುಂಡಿಯನ್ನೂ ಇಡಬೇಕು ಎಂದು ವೈಜಯಂತಿಯವರಿಗೆ ಆಸೆ ಇತ್ತು. ಬಡಿಸಿದ್ದನ್ನು ತಾಟಿನಿಂದ ಎತ್ತಿಕೊಳ್ಳುವುದು ಯಾವ ಊರಿನ ಪದ್ಧತಿ ಎಂದು ಫಕೀರವ್ವ ಕೇಳಿದ ಮೇಲೆ ಆ ಮಾತು ಬಿಟ್ಟರು. ಇಷ್ಟಕ್ಕೇ ಸಾಕು ಎನ್ನುವ ಮೇಲ್ಮಿತಿಯನ್ನೂ ಇಡಲಿಲ್ಲ. ಕುಲುಮೆಯಿಂದ ಹಸಿದು ಬಂದವನಿಗೆ ಯಂತ್ರ ಇಲ್ಲ ಎನ್ನಬಾರದಲ್ಲ.

"ಒಬ್ಬರ ಹಸಿವು ಇನ್ನೊಬ್ಬರಿಗೆ ಗೊತ್ತಾಗಲ್ಲ ಅಜ್ಜಿ," ಎಂದಿದ್ದರು ಅವರು. "ಅವರವರ ಬೆರಳಿಗೇ ಬಿಟ್ಟರೆ ಅನ್ನ ಹಾಳಾಗೋ ಪ್ರಶ್ನೆಯೇ ಇಲ್ಲ."

ಅವರ ಮಾತು ಸುಳ್ಳಾಗಲಿಲ್ಲ. ಭೂಮಿಯಿಂದ ತಂದ ಬೆಲ್ಲ, ಗಾಜಿನ ಕೋಣೆಗಳಲ್ಲಿ ದೀಪದ ಬೆಳಕಿಗೆ ಬೆಳೆದ ಗೋಧಿ, ಯಾವುದೂ ವ್ಯರ್ಥವಾಗಲಿಲ್ಲ. ಫಕೀರವ್ವ ಗೋಡೆಯಾಚೆಯ ಅಡುಗೆಮನೆಯಲ್ಲಿ ಕೊಪ್ಪರಿಗೆ ತುಂಬಿಸಿಟ್ಟು, ಅಲ್ಲಿಯ ದೊಡ್ಡ ಅಂಕಿಫಲಕವನ್ನು ನೋಡುತ್ತ ಕೂರುವಳು. ಯಾವ ತಾಟಿಗೆ ಎಷ್ಟು ಸೌಟು ಹೋಯಿತೆಂದು ಅದರಲ್ಲಿ ಕಾಣುತ್ತಿತ್ತು. ಮೊದಮೊದಲು ಉಣ್ಣುವವರ ಮುಖ ನೋಡಬೇಕು ಅನ್ನಿಸುತ್ತಿತ್ತು. ಬರಬರುತ್ತ ಅಂಕಿ ನೋಡಿದರೆ ಸಾಕಾಯಿತು. ಮನುಷ್ಯ ಯಾವುದಕ್ಕೆ ಹೊಂದಿಕೊಳ್ಳುವುದಿಲ್ಲ.

ಹೀಗಿರುವಾಗ ನರಗುಂದದ ಹುಡುಗಿ ಕಸ್ತೂರಿ ಗಾಜು ಎಳೆಯುವ ಕೆಲಸ ಕಲಿಯಲು ತಿಂಗಳೂರಿಗೆ ಬಂದಳು. ಕಲಿಸಿದವನು ಶಿವಪುತ್ರ. ಆಕೆ ಎಳೆದ ಮೊದಲ ಗಾಜು ಹಾವಿನ ಹಾಗೆ ಸೊಟ್ಟಗಿತ್ತು. ಅದನ್ನು ಅವನು ಕರಗಿಸದೆ ತನ್ನ ಕೋಣೆಯಲ್ಲಿ ತಂದಿಟ್ಟುಕೊಂಡಾಗಲೇ ಫಕೀರವ್ವನಿಗೆ ವಿಷಯ ತಿಳಿದುಹೋಯಿತು. ಕಲಿಕೆ ಮುಗಿಸಿ ಊರಿಗೆ ಹೋದ ಕಸ್ತೂರಿ ಮನೆಯಲ್ಲಿ ಮಾತೆತ್ತಿದಳು. ಅವಳ ತಂದೆ ಅಡಿವೆಪ್ಪನವರಿಗೆ ನರಗುಂದದಲ್ಲಿ ಖಾನಾವಳಿ. ಅಜ್ಜನ ಕಾಲದಿಂದ ಬಂದ ಕೆಲಸ. ಅವರು ಬೇಡ ಎನ್ನಲಿಲ್ಲ, ಹೂಂ ಎಂದೂ ಅನ್ನಲಿಲ್ಲ. ಹೆಣ್ಣು ಕೊಡುವ ಮುಂಚೆ ಮನೆತನ ನೋಡಬೇಕು. ಮನೆತನ ನೋಡುವುದಕ್ಕೆ ಗೋಡೆ, ಬಾಗಿಲು ನೋಡಬೇಕಾಗಿಲ್ಲ, ಒಂದು ಊಟ ಉಂಡರೆ ಸಾಕು. ಉಂಡು ಬಂದು ಹೇಳುತ್ತೇನೆ ಎಂದರು. ಕಸ್ತೂರಿ ಶಿವಪುತ್ರನಿಗೆ ಸುದ್ದಿ ಕಳಿಸಿದಳು. ಅಪ್ಪ ಮನಸ್ಸು ತುಂಬಿ ಹೂಂ ಅನ್ನದಿದ್ದರೆ ತಾನು ಬರುವುದಿಲ್ಲ. ಒಲ್ಲದ ಮನಸ್ಸಿನಿಂದ ಕಳಿಸಿಕೊಟ್ಟ ತವರು ಅಷ್ಟು ದೂರದಿಂದ ಇನ್ನೂ ದೂರ ಕಾಣುತ್ತದೆ ಎಂದಿದ್ದಳು.

ಹೀಗೆ ಒಂದು ಮದುವೆ ಒಂದು ಊಟದ ಮೇಲೆ ನಿಂತಿತು. ಮೊಮ್ಮಗನ ತಾಟಿನ ಅಂಕಿ ಒಂದನ್ನು ದಾಟದಿರುವುದನ್ನು ಫಕೀರವ್ವ ಫಲಕದಲ್ಲಿ ಕಂಡಿದ್ದಳು. ಅವನನ್ನು ಸಾಕಿ ಬೆಳೆಸಿದ ಕೈ ಆಕೆಯದು. ಈ ಊಟ ಕೆಡಬಾರದು ಎಂದು ಸೆರಗು ಬಿಗಿದಳು.

ಬೀಗರಿಗೆ ಗೋಧಿ ಹುಗ್ಗಿಯೇ ಸರಿ ಎಂದಾಯಿತು. ಗೋಧಿ ನೆನೆಸಿ, ಕುಟ್ಟಿ, ಸಿಪ್ಪೆ ತೆಗೆದು, ಬೆಲ್ಲ ಹಾಕಿ ಕುದಿಸಿ, ಗಸಗಸೆ, ಒಣಕೊಬ್ಬರಿ, ಯಾಲಕ್ಕಿ ಬೆರೆಸಿದಳು. ಊರಿಗೆಲ್ಲ ಆಗುವಷ್ಟು ಮಾಡಿದಳು, ಯಾಕೆಂದರೆ ಬೀಗರು ಬಂದ ದಿನ ಒಬ್ಬರಿಗೆ ಸಿಹಿ, ಒಬ್ಬರಿಗೆ ಸಪ್ಪೆ ಆಗಬಾರದು. ಹುಗ್ಗಿ ಗಟ್ಟಿ ಪದಾರ್ಥ, ಸಾರಿನ ನಳಿಗೆಯಲ್ಲಿ ಇಳಿಯಲಾರದು ಎಂದು ವೈಜಯಂತಿಯವರು ನಳಿಗೆಗಳ ಬಾಯಿಯನ್ನೇ ಅಗಲ ಮಾಡಿಕೊಟ್ಟರು, ತುಪ್ಪಕ್ಕೆ ಪಕ್ಕದಲ್ಲಿ ಬೇರೆ ನಳಿಗೆ, ಬೇರೆ ಗುಂಡಿ ಇಟ್ಟರು. ಬಡಿಸುವ ಯಂತ್ರವನ್ನು ಭೂಮಿಯಿಂದ ನೆಂಟರು ಬಂದು ನೋಡುವುದು ಇದೇ ಮೊದಲು. ವೈಜಯಂತಿಯವರಿಗೂ ಒಳಗೊಳಗೆ ಹಿಗ್ಗು.

ಅಡಿವೆಪ್ಪನವರು ಬಂದರು. ಹೆಂಡತಿ ಬಸಲಿಂಗವ್ವ, ಮಗಳು ಕಸ್ತೂರಿ ಜೊತೆಗಿದ್ದರು. ಭಾರೀ ಆಳು, ಧೋತರ, ಹೆಗಲ ಮೇಲೆ ವಲ್ಲಿ. ಇಳಿದ ಮೇಲೆ ಇಟ್ಟ ಮೊದಲ ಹೆಜ್ಜೆಗೇ ಗಾಳಿಗೇರಿ, ಬಾಗಿಲ ಮೇಲಿನ ಪಟ್ಟಿಗೆ ಹಣೆ ತಾಗಿಸಿಕೊಂಡರು. ಗತ್ತು ಮಾತ್ರ ಬಿಡಲಿಲ್ಲ. ಬೇಕೆಂದೇ ಬಾಗಿಲು ಪರೀಕ್ಷಿಸಿದವರ ಹಾಗೆ ಪಟ್ಟಿಯನ್ನು ತಟ್ಟಿ ನೋಡಿ, ಗಟ್ಟಿ ಐತಿ ಎಂದರು. ಬಸಲಿಂಗವ್ವ ಮಾತ್ರ ಸೀರೆಯ ನೆರಿಗೆ ಎರಡೂ ಕೈಯಲ್ಲಿ ಹಿಡಿದು, ಮೊಣಕಾಲ ನೋವು ಹೋದೇ ಹೋಯಿತೆಂದು ನಗುತ್ತ ಕುಪ್ಪಳಿಸಿಕೊಂಡು ಬಂದರು.

ಎಲ್ಲರೂ ಕೈ ತೊಳೆದು ಕೂತರು. ಸುತ್ತಲಿನವರೆಲ್ಲ ಬೀಗರ ಕಡೆ ತಿರುಗಿ, ಊಟ ಮಾಡ್ರಿ ಎಂದರು. ಪ್ರತಿಯೊಬ್ಬರೂ ಒಂದೊಂದು ಸಲ ಅಂದರು, ಪ್ರೀತಿಯಿಂದಲೇ ಅಂದರು. ಅಂದು, ತಮ್ಮ ತಮ್ಮ ಗುಂಡಿಯ ಮೇಲೆ ಬೆರಳಿಟ್ಟು, ಬಡಿಸಿಕೊಂಡು, ತಲೆ ತಗ್ಗಿಸಿ ಉಣ್ಣತೊಡಗಿದರು. ಶಿವಪುತ್ರ ಹುಟ್ಟಿ ಬುದ್ಧಿ ಬಂದಾಗಿನಿಂದ ಕಂಡದ್ದು ಇದನ್ನೇ. ಅವನೂ ಹಾಗೇ ಮಾಡಿದ.

ಗೋಡೆಯಾಚೆ ಫಕೀರವ್ವ ಅಂಕಿಫಲಕ ನೋಡುತ್ತಿದ್ದಳು. ಎಲ್ಲ ತಾಟುಗಳ ಅಂಕಿಗಳೂ ಏರುತ್ತಿದ್ದವು. ಮೂರು ಕಡೆ ಮಾತ್ರ ಸೊನ್ನೆ ಸೊನ್ನೆಯಾಗಿಯೇ ಕೂತಿತ್ತು. ಕೊಬ್ಬರಿ ಚೂರು ನಳಿಗೆಗೆ ಅಡ್ಡ ಬಂದಿರಬೇಕೆಂದು ಆಕೆ ಸೌಟಿನ ಹಿಡಿಯಿಂದ ಕೊಳವೆಗೆ ಎರಡು ಬಡಿದಳು. ಸೊನ್ನೆ ಕದಲಲಿಲ್ಲ. ವೈಜಯಂತಿಯವರನ್ನು ಕರೆದು, ಬೀಗರ ತಾಟಿನ ಗುಂಡಿ ಕೆಟ್ಟಿದೆ, ನೋಡು ಎಂದಳು.

ವೈಜಯಂತಿ ಹೋದರು. ಅಡಿವೆಪ್ಪನವರ ಪಕ್ಕ ನಿಂತು, ಗುಂಡಿ ಹೇಗೆ ಒತ್ತಬೇಕು, ಹೇಗೆ ಹಿಡಿಯಬೇಕು, ಮರುಬಡಿತ ಎಂದರೇನು, ಎಲ್ಲವನ್ನೂ ವಿನಯದಿಂದ ವಿವರಿಸಿದರು. ಅವರು ಪೂರ್ತಿ ಕೇಳಿ, ಭಾಳ ಚಲೋ ಮಾಡೀರಿ ಬಾಯಾರ ಎಂದು ಕೈಮುಗಿದರು. ಕೈಮುಗಿದವರು ಬೆರಳು ಮುಂದೆ ಮಾಡಲಿಲ್ಲ. ವೈಜಯಂತಿ ವಾಪಸು ಬಂದು, ಗುಂಡಿ ಸರಿಯಾಗಿದೆ, ಅವರಿಗೆ ಹಸಿವಿಲ್ಲವೇನೋ ಎಂದರು.

"ಖಾನಾವಳಿ ಮನಷ್ಯಾಗ ಉಣ್ಣೂ ಹೊತ್ತಿನ್ಯಾಗ ಹಸಿವಿಲ್ಲಂದ್ರ ಏನರ್ಥ ತಂಗಿ?" ಎನ್ನುತ್ತ ಫಕೀರವ್ವ ಗೋಡೆಯ ಕಿಟಕಿಯಿಂದ ಇಣುಕಿದಳು.

ಎಷ್ಟೋ ವರ್ಷಗಳ ಮೇಲೆ ಆಕೆ ಅಂಕಿ ಬಿಟ್ಟು ಉಣ್ಣುವವರನ್ನು ನೋಡಿದ್ದು ಅಂದೇ. ಅಡಿವೆಪ್ಪನವರು ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ತೊಳೆದ ಬಲಗೈಯನ್ನು ಯಾವುದಕ್ಕೂ ತಾಗಿಸದೆ ತೊಡೆಯ ಮೇಲೆ ಅಂಗಾತ ಇಟ್ಟುಕೊಂಡಿದ್ದರು. ಪಂಕ್ತಿಯಲ್ಲಿ ಕೂತು, ಬಡಿಸುವವರ ದಾರಿ ಕಾಯುವ ಮನುಷ್ಯ ಕೈ ಇಟ್ಟುಕೊಳ್ಳುವ ರೀತಿ ಅದು. ಬಸಲಿಂಗವ್ವನವರ ಕೈಯೂ ಹಾಗೇ ಇತ್ತು. ಗುಂಡಿ ಬಲ್ಲ ಕಸ್ತೂರಿಯೂ ಅಪ್ಪ ಉಣ್ಣದ ಊಟ ತನಗೆ ಬೇಡವೆಂದು ಕೈ ಕಟ್ಟಿ ಕೂತಿದ್ದಳು.

ಫಕೀರವ್ವನಿಗೆ ಆಗ ಹೊಳೆಯಿತು. ಕರೆದ ಮನೆಯಲ್ಲಿ ತನ್ನ ಕೈಯಿಂದ ತಾನೇ ಬಡಿಸಿಕೊಂಡು ಉಣ್ಣುವವರು ಉಂಟೆ? ಹೊಟ್ಟೆ ಎಷ್ಟೇ ಚುರುಗುಟ್ಟಲಿ, ಮನೆಯವರು ಬಡಿಸಬೇಕು, ಇವರು ಸಾಕು ಅನ್ನಬೇಕು, ಅವರು ಬಿಡಬಾರದು. ಹಾಗಿಲ್ಲದೆ ತಾನೇ ಮುಂದೆ ಬಿದ್ದು ಬಡಿಸಿಕೊಂಡವನಿಗೆ ಅನ್ನ ಕಾಣದವನು ಅನ್ನುತ್ತಾರೆ. ಇದನ್ನು ಹುಡುಗರು ಕಂಡಿಲ್ಲ, ಸರಿ. ಕಂಡ ತಾನು ಎಲ್ಲಿದ್ದೆ?

ಅಷ್ಟರಲ್ಲಿ ಅಡಿವೆಪ್ಪನವರು ಎದ್ದು ನಿಂತಿದ್ದರು. ಸಿಟ್ಟಿಲ್ಲ, ದನಿ ಎತ್ತರಿಸಲೂ ಇಲ್ಲ. ಮಗಳ ತಲೆಯ ಮೇಲೆ ಕೈಯಿಟ್ಟು ಹೇಳಿದರು:

"ಏಳವ್ವಾ ಕಸ್ತೂರಿ. ಅಡಗಿ ಘಮಾ ಘಮಾ ಐತಿ. ಜನಾನೂ ಕೆಟ್ಟವರಲ್ಲ. ಆದ್ರ ಬಡಿಸೂ ಕೈ ಇಲ್ಲ ಇಲ್ಲೆ. ನಮ್ಮ ಖಾನಾವಳಿಗೆ ಬಂದ ದಾರಿಹೋಕಗೂ ಇನ್ನೊಂದು ರೊಟ್ಟಿ ತಗೋರಿ ಅಂತೀನಿ ನಾನು. ನಾಳೆ ನೀ ಮೈಯಾಗ ಹುಷಾರಿಲ್ದ, ಮನಸ್ಸಿನ್ಯಾಗ ಬ್ಯಾಸರಾಗಿ ಒಲ್ಲೆ ಅಂತ ಕುಂತ್ರ, ಉಣ್ಣು ಅನ್ನಾವ್ರು ಯಾರವ್ವಾ?"

ಶಿವಪುತ್ರನ ಕೈಯ ತುತ್ತು ಕೈಯಲ್ಲೇ ಉಳಿಯಿತು.

ಗೋಡೆ ಸುತ್ತಿ, ಮೇಜು ಬಳಸಿ ಬರುವಷ್ಟು ಪುರಸೊತ್ತು ಫಕೀರವ್ವನಿಗೆ ಇರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಿಟಕಿಯ ಕಟ್ಟೆಗೆ ಕಾಲು ಕೊಟ್ಟು ಒಂದು ಜಿಗಿತ ಜಿಗಿದಳು. ಭೂಮಿಯಲ್ಲಾಗಿದ್ದರೆ ಸೊಂಟ ಮುರಿಯುತ್ತಿತ್ತು. ಚಂದ್ರನಲ್ಲಿ ಮುದುಕಿ ಗಾಳಿಪಟದಂತೆ ಉಣ್ಣುವವರ ತಲೆಗಳ ಮೇಲಿಂದ ತೇಲಿ ಬಂದು, ಬೀಗರ ಎದುರಿನ ಜಾಗದಲ್ಲಿ ಮೆಲ್ಲಗೆ ಇಳಿದಳು. ಬಸಲಿಂಗವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

"ಬೀಗರ, ಕುಂದರ್ರಿ. ಉಣ್ಣದ ಎದ್ರ ನನ್ನಾಣಿ ಐತಿ," ಎಂದವಳೇ ಮೇಜಿನ ಮೇಲೆ ಬಾಗಿ, ಅಡಿವೆಪ್ಪನವರ ಗುಂಡಿಯ ಮೇಲೆ ತನ್ನ ಹೆಬ್ಬೆರಳು ಊರಿದಳು.

ಸೊನ್ನೆ ಒಂದಾಯಿತು. ಹುಗ್ಗಿ ಬಂಗಾರದ ಬಣ್ಣದಲ್ಲಿ ಇಳಿದು ತಾಟಿನ ನಡುವೆ ಕೂತಿತು. ಅಡಿವೆಪ್ಪನವರು ಗೊತ್ತಿಲ್ಲದೆಯೇ ಕೂತುಬಿಟ್ಟರು. ಎರಡಾಯಿತು, ಮೂರಾಯಿತು. ಅವರ ಬಾಯಿಂದ ತಾನೇ ತಾನಾಗಿ ಸಾಕ್ರಿ ಎಂಬ ಮಾತು ಬಂತು. ಅಡುಗೆಮನೆಯಿಂದ ಹಿಂದೆಯೇ ಓಡಿಬಂದ ವೈಜಯಂತಿ ಗಾಬರಿಯಾಗಿ ಫಕೀರವ್ವನ ತೋಳು ಹಿಡಿದರು.

"ಅಜ್ಜಿ, ಬೆರಳು ಎತ್ತಿ. ಅವರು ಸಾಕು ಅಂದರಲ್ಲ."

"ಇದು ಬಾಯಿ ಸಾಕು ತಂಗಿ, ಇನ್ನೂ ಹೊಟ್ಟಿ ಸಾಕು ಬಂದಿಲ್ಲ," ಎಂದಳು ಫಕೀರವ್ವ, ಬೆರಳನ್ನು ಇನ್ನೂ ಒತ್ತಿ. "ಮೊದಲನೇದು ಮರ್ಯಾದಿಗೆ ಅನ್ನೂದು. ಎರಡನೇದು ರೂಢಿಗೆ ಅನ್ನೂದು. ಖರೇ ಸಾಕಾದ್ರ ಮನಷ್ಯಾ ಬಾಯಿಲೆ ಅನ್ನೂದಿಲ್ಲ, ಕೈ ಅಡ್ಡ ತರ್ತಾನ."

ಅಡಿವೆಪ್ಪನವರ ಮೀಸೆಯ ಕೆಳಗೆ ಏನೋ ಸಡಿಲವಾಯಿತು. ಅವರು ಮತ್ತೊಮ್ಮೆ ಸಾಕ್ರಿ ಎಂದರು, ಆದರೆ ಈ ಸಲ ಆ ಮಾತಿಗೆ ಸುಖ ಬಂದಿತ್ತು. ಅಂಕಿಗೂ ಓಟ ಬಂದಿತ್ತು. ಐದು, ಆರು, ಏಳೆಂಟು ಒಟ್ಟಿಗೇ. ತಾಟು ತುಂಬಿತು. ಈಗ ಅವರಿಗೆ ನಿಜಕ್ಕೂ ಸಾಕಾಯಿತು. ಪಂಕ್ತಿಯಲ್ಲಿ ಮಾಡುವಂತೆ, ಫಕೀರವ್ವನ ಕೈಯನ್ನು ಹಿಡಿದು ಪಕ್ಕಕ್ಕೆ ತಳ್ಳಿದರು. ಬೆರಳು ಗುಂಡಿಯ ಮೇಲಿಂದ ಜಾರಿ, ಮೇಜಿನ ಮೇಲೆ ಹೋಗಿ, ಅಲ್ಲಿ ಎದ್ದಿತು.

ಅಂಕಿ ನಿಲ್ಲಲಿಲ್ಲ.

ಹತ್ತು, ಹದಿನೈದು, ಇಪ್ಪತ್ತು. ತಾಟಿನಲ್ಲಿ ಹುಗ್ಗಿ ಗುಡ್ಡವಾಯಿತು. ಚಂದ್ರನ ತೂಕದಲ್ಲಿ ಗಟ್ಟಿ ಹುಗ್ಗಿ ಹರಡಿ ಹೋಗುವುದಿಲ್ಲ. ಬಿದ್ದಲ್ಲೇ ಬಿದ್ದು, ಮೇಲೆ ಮೇಲೆ ಏರಿ, ತುದಿ ಬಾಗಿ, ಅಡಿವೆಪ್ಪನವರ ಮೂಗಿನ ಮಟ್ಟಕ್ಕೆ ಬಂತು. ಪಕ್ಕದ ತುಪ್ಪದ ಗುಂಡಿಯನ್ನು ಬಸಲಿಂಗವ್ವ ಕುತೂಹಲಕ್ಕೆ ಮುಟ್ಟಿ, ಗಾಬರಿಯಿಂದ ಕೈ ಜಾರಿಸಿದ್ದರು. ತುಪ್ಪವೂ ನಿಲ್ಲಲೊಲ್ಲದು, ಹೊಳೆಯುವ ಹಗ್ಗದ ಹಾಗೆ ಗುಡ್ಡದ ಮೇಲೆ ಇಳಿಯುತ್ತಿತ್ತು. ಫಕೀರವ್ವ ಎರಡೂ ಕೈ ಮೇಲೆತ್ತಿ, ತಾನು ಬಿಟ್ಟಾಗಿದೆ, ಯಂತ್ರ ಬಿಡುತ್ತಿಲ್ಲ ಎಂದು ಹೇಳಿದಳು. ಬೀಗತಿಯ ಅಂಥ ಮಾತನ್ನು ಯಾವ ಬೀಗ ನಂಬಿಯಾನು?

ಅಡಿವೆಪ್ಪನವರು ನಗತೊಡಗಿದರು. ಮೊದಲು ಹೆಗಲು ಕುಣಿದವು, ಆಮೇಲೆ ಹೊಟ್ಟೆ. ಖಾನಾವಳಿಯಲ್ಲಿ ಅಷ್ಟು ಜನರಿಗೆ ಒತ್ತಾಯ ಮಾಡಿದ ತಮಗೆ, ಇಂಥ ಒತ್ತಾಯ ಮಾಡಿದವರು ಈ ತನಕ ಸಿಕ್ಕಿರಲಿಲ್ಲ ಎಂದರು. "ನಾನೂ ಬಡಿಸೂ ಮನಿತನದಾಂವಾ ಬೀಗತಿ, ಸೋತು ಹೋಗಾಕ ಬಂದಿಲ್ಲ," ಎಂದು ಹುಗ್ಗಿಯ ಗುಡ್ಡದ ಪಕ್ಕದಿಂದ ಕೈ ಚಾಚಿ, ಫಕೀರವ್ವನ ಕಡೆಯ ಗುಂಡಿ ಹಿಡಿದರು. ಆಕೆ ಬೇಡ ಬೇಡ ಎನ್ನುತ್ತ ಕೈ ತಳ್ಳಿದಳು. ಆ ಗುಂಡಿಯೂ ಓಡಿತು.

ಇದನ್ನೆಲ್ಲ ಕುಲುಮೆಯ ಹುಡುಗರು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದರು. ತಮ್ಮದಲ್ಲದ ಗುಂಡಿಯನ್ನು ಒತ್ತಬಹುದು ಎಂಬುದೇ ಅವರಿಗೆ ಹೊಳೆದಿರಲಿಲ್ಲ. ಒಬ್ಬ ಮೆಲ್ಲಗೆ ಕೈ ಚಾಚಿ ಎದುರಿನವನ ಗುಂಡಿ ಮುಟ್ಟಿದ. ಎದುರಿನವನು ಕೈ ತಳ್ಳಿದ. ಗಳಿಗೆಯೊಳಗೆ ಮೇಜಿನ ಈ ತುದಿಯಿಂದ ಆ ತುದಿಯವರೆಗೂ ಉಣ್ಣು, ಒಲ್ಲೆ, ಉಣ್ಣಲೇ ಮಗನ, ಸಾಕೋ ಮಾರಾಯ ಎಂಬ ಸದ್ದೇ ಸದ್ದು. ಎಲ್ಲ ನಳಿಗೆಗಳೂ ಹುಗ್ಗಿ ಸುರಿಸುತ್ತಿದ್ದವು. ಶಿವಪುತ್ರ ನಾಚುತ್ತ ಕಸ್ತೂರಿಯ ಗುಂಡಿಯ ಮೇಲೆ ಬೆರಳಿಟ್ಟ. ಆಕೆ ಕೈ ತಳ್ಳಲಿಲ್ಲ, ಆದ್ದರಿಂದ ಅವಳದೊಂದು ತಾಟಿಗೆ ಮಾತ್ರ ಬೇಕಾದಷ್ಟೇ ಬಿತ್ತು.

ವೈಜಯಂತಿ ತಾಟಿನಿಂದ ತಾಟಿಗೆ ಹಾರಿ ಹಾರಿ, ಒಂದೊಂದು ಗುಂಡಿಯನ್ನೂ ಹೊಸದಾಗಿ ಒತ್ತಿ, ಬೆರಳನ್ನು ನೆಟ್ಟಗೆ ಎತ್ತಿ ನಿಲ್ಲಿಸುತ್ತ ಬಂದರು. ಅವರು ಒಂದನ್ನು ನಿಲ್ಲಿಸುವಷ್ಟರಲ್ಲಿ ಇನ್ನೊಂದು ಶುರುವಾಗುತ್ತಿತ್ತು. ಕೊನೆಗೆ ಕೊಪ್ಪರಿಗೆಯೇ ಬರಿದಾಗಿ, ನಳಿಗೆಗಳು ಗೊರಗೊರ ಎಂದು ಸುಮ್ಮನಾದವು. ಊರಿಗೆಲ್ಲ ಮಾಡಿದ ಹುಗ್ಗಿ ಒಂದೇ ಮೇಜಿನ ಮೇಲೆ ಗುಡ್ಡಸಾಲಾಗಿ ಕೂತಿತ್ತು. ಇದು ಹಾಳಾಯಿತಲ್ಲ ಎಂದು ವೈಜಯಂತಿಯವರ ಕಣ್ಣಲ್ಲಿ ನೀರೇ ಬಂತು. ಫಕೀರವ್ವ ಅವರ ಬೆನ್ನು ಸವರಿ, ಹೊಟ್ಟೆಗಳು ಇನ್ನೂ ಕುಲುಮೆಯ ಹತ್ತಿರ ಇವೆ, ಕರೆಸು ಎಂದಳು. ಬೆಂಕಿ ತಗ್ಗಿಸಿ ಇನ್ನೊಂದು ಪಾಳಿಯವರೂ ಬಂದರು. ಮಲಗಿದ್ದವರನ್ನು ಎಬ್ಬಿಸಿ ಕರೆತಂದರು. ಊರು ಕಟ್ಟಿದಾಗಿನಿಂದ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಕಡೆ ಕೂತದ್ದು ಅದೇ ಮೊದಲು. ಒಬ್ಬರ ಗುಡ್ಡವನ್ನು ಇನ್ನೊಬ್ಬರು ಕರಗಿಸಿದರು. ಹುಗ್ಗಿ ಉಳಿಯಲಿಲ್ಲ.

ಅಡಿವೆಪ್ಪನವರು ಕೈ ತೊಳೆದು, ವಲ್ಲಿಯಿಂದ ಮೀಸೆಯ ತುಪ್ಪ ಒರೆಸಿಕೊಂಡು, ಶಿವಪುತ್ರನನ್ನು ಹತ್ತಿರ ಕರೆದರು.

"ಮನಿ ನೋಡಿದೆ," ಎಂದರು. "ಇನ್ನ ಮುಹೂರ್ತ ನೋಡ್ರಿ."

ಮರುದಿನ ವೈಜಯಂತಿ ಗುಂಡಿಯೊಂದನ್ನು ಬಿಚ್ಚಿಟ್ಟುಕೊಂಡು ಅಡುಗೆಮನೆಯಲ್ಲೇ ಕೂತರು. ತಪ್ಪು ಸಿಕ್ಕಿತ್ತು. ಕಾವಲುಗಾರ ಬೆರಳು ತನ್ನ ಬಾಗಿಲಲ್ಲಿ ಎದ್ದರೆ ಮಾತ್ರ ತಿಳಿಯಬಲ್ಲ. ಜಾರಿ ಹೋಗಿ ಬೇರೆಡೆ ಎದ್ದರೆ ಸುದ್ದಿ ಅವನಿಗೆ ಮುಟ್ಟುವುದಿಲ್ಲ. ಬೆರಳು ಇನ್ನೂ ಇಲ್ಲೇ ಇದೆ ಎಂದುಕೊಂಡು ಪಾಪ, ಕೂಡಿಸುತ್ತಲೇ ಇರುತ್ತಾನೆ. ತನಗೆ ತಾನೇ ಬಡಿಸಿಕೊಳ್ಳುವವನು ಬೆರಳನ್ನು ನೆಟ್ಟಗೆ ಎತ್ತುತ್ತಾನೆ, ಆದ್ದರಿಂದ ಇಷ್ಟು ಕಾಲ ಯಾರಿಗೂ ಗೊತ್ತಾಗಿರಲಿಲ್ಲ.

"ನನ್ನ ಲೆಕ್ಕದಲ್ಲಿ ಬೆರಳು ಇತ್ತು ಅಜ್ಜಿ," ಎಂದು ಅವರು ನಕ್ಕರು. "ಆ ಬೆರಳನ್ನ ತಳ್ಳೋ ಇನ್ನೊಂದು ಕೈ ಇರಲಿಲ್ಲ."

ಅದನ್ನೇನೋ ಸರಿಮಾಡಿದರು. ಬೆರಳು ಗುಂಡಿಯ ಅಂಚು ದಾಟಿದರೂ ಅಂಕಿ ನಿಲ್ಲುವ ಹಾಗಾಯಿತು. ಜನ ಮಾತ್ರ ಹಳೆಯ ದಾರಿಗೆ ಬರಲಿಲ್ಲ. ಎದುರಿನವನಿಗೆ ಬಡಿಸುವ ರುಚಿ ಅವರಿಗೆ ಹತ್ತಿತ್ತು. ಮೇಜಿನ ಮೇಲೆ ಬಾಗಿ ಬಾಗಿ ಸೊಂಟ ನೋಯುತ್ತದೆ, ಫಲಕಗಳನ್ನೇ ಆಚೀಚೆ ತಿರುಗಿಸಿಕೊಡಿ ಎಂದು ಬಂದು ಕೇಳಿದರು. ಅನ್ನ ಹೆಚ್ಚು ಹಾಳಾಗುತ್ತದೆಂದು ವೈಜಯಂತಿ ಹೆದರಿಸಿ ನೋಡಿದರು, ಕೊನೆಗೆ ತಿರುಗಿಸಿಕೊಟ್ಟರು. ಈಗ ಯಾರ ಗುಂಡಿಯೂ ಅವರ ಕೈಗೆ ಎಟುಕುವುದಿಲ್ಲ. ಉಣ್ಣಬೇಕಾದರೆ ಎದುರಿಗೆ ಒಬ್ಬರು ಬೇಕು. ಪಾಳಿಯ ಜನ ಒಬ್ಬರಿಗೊಬ್ಬರು ಕಾದು ಬರತೊಡಗಿದರು. ಮಾತು ಬಿಟ್ಟಿದ್ದ ಇಬ್ಬರು ಮೇಸ್ತ್ರಿಗಳು ಒಮ್ಮೆ ಬೇರೆ ಜಾಗವಿಲ್ಲದೆ ಎದುರುಬದುರು ಕೂರಬೇಕಾಯಿತು. ಒಬ್ಬ ಸಿಟ್ಟಿನಿಂದ ಇನ್ನೊಬ್ಬನ ಸಾರಿನ ಗುಂಡಿಯನ್ನು ಬಿಡದೆ ಒತ್ತಿದ. ಅವನು ಹಟಕ್ಕೆ ಅಷ್ಟನ್ನೂ ಕುಡಿದು, ಉಪ್ಪು ಕಡಿಮೆ ಎಂದ. ಮಾತು ಶುರುವಾಯಿತು.

ಮದುವೆಯಾಗಿ ಕಸ್ತೂರಿ ತಿಂಗಳೂರಿಗೆ ಬಂದಳು. ಬಸಲಿಂಗವ್ವನವರದು ಒಂದೇ ಬೇಡಿಕೆ. ಮಗಳಿಗೆ ಬಡಿಸುವ ಒಂದು ಗುಂಡಿ ನರಗುಂದದಲ್ಲಿ, ತಮ್ಮ ಅಡುಗೆಮನೆಯಲ್ಲಿ ಬೇಕು. ವೈಜಯಂತಿ ಮೊದಲು ನಕ್ಕರು, ಆಮೇಲೆ ಒಂದು ಫಲಕ ಮಾಡಿ ಕಳಿಸಿದರು. ಅದರಲ್ಲಿ ಕಸ್ತೂರಿಯ ತಾಟೂ ಮೇಜಿನ ಆಚೆ ಬದಿಯೂ ಕಾಣುತ್ತವೆ, ಮಾತು ಕೇಳುತ್ತದೆ, ಪಕ್ಕದಲ್ಲಿ ಗುಂಡಿ ಇದೆ. ತಾಯಿ ನರಗುಂದದಲ್ಲಿ ಬೆರಳೂರಿದರೆ ಚಂದ್ರನ ಮೇಲೆ ಮಗಳ ತಾಟಿಗೆ ಸಾರು ಇಳಿಯುತ್ತದೆ.

ಆದರೆ ಹೊಸ ತಕರಾರೊಂದು ಬಂತು. ದಿನವೂ ಕಸ್ತೂರಿಯ ತಾಟಿಗೆ ಹೆಚ್ಚು ಬೀಳುತ್ತಿತ್ತು. ವೈಜಯಂತಿ ಪರೀಕ್ಷಿಸಲು ಆಕೆಯ ಎದುರಿಗೇ ಬಂದು ಕೂತರು. ಬಸಲಿಂಗವ್ವ ಬೆರಳಿಟ್ಟರು; ಅಂಕಿ ಏರಿತು; ಕಸ್ತೂರಿ ಸಾಕವ್ವಾ ಎಂದಳು; ತಾಯಿ ಕೂಡಲೇ ಬೆರಳೆತ್ತಿದರು. ಆದರೂ ಮೂರು ಸೌಟು ಹೆಚ್ಚಿಗೆ ಬಿತ್ತು. ಯಂತ್ರದ ದೋಷ ಅಲ್ಲವೆಂದು ವೈಜಯಂತಿಯವರಿಗೆ ತಿಳಿಯಿತು. ಮಗಳ ಸಾಕು ಎಂಬ ಮಾತು ಬೆಳಕಿನ ವೇಗದಲ್ಲಿ ಹೋದರೂ ಭೂಮಿ ಮುಟ್ಟಲು ಒಂದು ಉಸಿರಿನಷ್ಟು ಹೊತ್ತು ಬೇಕು. ತಾಯಿಯ ಬೆರಳು ಎದ್ದ ಸುದ್ದಿ ಮೇಲೆ ಬರಲು ಮತ್ತೊಂದು ಉಸಿರು. ಆ ಎರಡು ಉಸಿರಿನ ನಡುವೆ ನಳಿಗೆ ಸುರಿಯುತ್ತಲೇ ಇರುತ್ತದೆ.

ಅವರು ಉಪಾಯವನ್ನೂ ಹೇಳಿದರು. ಕಸ್ತೂರಿಯ ದನಿ ಗುರುತಿಸಿ, ಇಲ್ಲೇ ನಳಿಗೆ ಮುಚ್ಚುವ ಹಾಗೆ ಮಾಡಬಹುದು, ಸುಲಭದ ಕೆಲಸ. ಹೇಳುತ್ತ ಉಪಕರಣದ ಪೆಟ್ಟಿಗೆ ತೆರೆದರು. ಕಸ್ತೂರಿ ಮಾತಾಡದೆ ನಳಿಗೆಯ ಮೇಲೆ ಕೈ ಅಡ್ಡ ಹಿಡಿದಳು.

"ಬ್ಯಾಡ್ರಿ ಅಕ್ಕಾರ. ಆ ಮೂರು ಸೌಟು ಹಂಗಾ ಇರ್ಲಿ."

ಹೆಚ್ಚಾದದ್ದನ್ನು ದಿನಾ ಏನು ಮಾಡುತ್ತೀ ಎಂದು ವೈಜಯಂತಿ ಕೇಳುವಷ್ಟರಲ್ಲಿ ಫಲಕದಿಂದ ಬಸಲಿಂಗವ್ವನವರ ದನಿ ಬಂತು. ಅವರು ಅಷ್ಟು ಹೊತ್ತೂ ಮಗಳ ತಾಟನ್ನೇ ನೋಡುತ್ತಿದ್ದರು. ಎದುರಿಗೆ ಕೂತವರನ್ನು ಈಗಷ್ಟೇ ಕಂಡಿದ್ದರು.

"ಕಸ್ತೂರಿ, ನಿನ್ನ ಮುಂದ ಕುಂತಾಕಿ ಯಂತ್ರ ಮಾಡಿದಾಕಿ ಅಲ್ಲೇನವ್ವಾ? ಎಷ್ಟು ಸೊರಗ್ಯಾಳ ನೋಡು. ಆಕಿ ತಾಟಿಂದೂ ಗುಂಡಿ ಇತ್ತಾಗ ಹಚ್ಚಿ ಕೊಡು."

ವೈಜಯಂತಿ ಉಪಕರಣ ಕೈಯಲ್ಲಿ ಹಿಡಿದುಕೊಂಡೇ, ಬೇಡಮ್ಮ, ನನಗೆ ಕೆಲಸ ಇದೆ, ಈಗ ಸಾಕು ಎಂದರು. ಆ ಮಾತು ಭೂಮಿಗೆ ಹೊರಟಿತು. ಅದು ಅಲ್ಲಿ ಮುಟ್ಟುವ ಮುಂಚೆಯೇ ಕಸ್ತೂರಿ ಅವರ ಮುಂದೆ ತಾಟು ತಂದಿಟ್ಟು, ಅದರ ಗುಂಡಿಯನ್ನು ಅವ್ವನ ಫಲಕಕ್ಕೆ ಜೋಡಿಸಿದ್ದಳು. ಅವರ ಮುಂದಿನ ಸೊನ್ನೆ ಒಂದಾಯಿತು, ತುಸು ತಡೆದು, ಎರಡಾಯಿತು.